ಇಲ್ಲ ಅನ್ನಲು ಬಾರದ ಸೀನಿಯಾ

ನನ್ನ ಗಂಡನ ಅಕ್ಕ ಸೀನಿಯಾಳಿಗೆ ಯಾರಿಗೂ ‘ಇಲ್ಲ’ ಅನ್ನಲು ಬರುವುದಿಲ್ಲ. ಎರೇದಿಯಾ ಊರಿನ ನಮ್ಮ ಬೀದಿಯಲ್ಲಿ ಅದು ಯಾರಿಗೂ ಅಷ್ಟು ಸಲೀಸಾಗಿ ಬರುವುದಿಲ್ಲ ಎನ್ನಿ. ನಲ್ಲಿ ರಿಪೇರಿಯವನು ‘ಈಗ ಬಂದೆ’ ಎಂದರೆ ಅವನು ಬರುವುದಿಲ್ಲ ಎಂದು ನಮಗೆ ಗೊತ್ತು. ಮದುವೆಗೆ ಕರೆದಾಗ ‘ದೇವರಿಚ್ಛೆ ಇದ್ದರೆ’ ಎಂದವರಿಗೆ ಯಾರೂ ಕುರ್ಚಿ ಹಾಕಿಡುವುದಿಲ್ಲ. ಎದುರಿಗಿರುವವರ ಮುಖ ಸಣ್ಣದಾಗಬಾರದು, ಅಷ್ಟೆ. ಆದರೆ ಉಳಿದವರು ಹೌದು ಎಂದು ಹೇಳಿ ಜಾರಿಕೊಳ್ಳುತ್ತಾರೆ; ಸೀನಿಯಾ ಹೌದು ಎಂದರೆ ಮಾಡಿಯೇ ಬಿಡುತ್ತಾಳೆ. ಅದಕ್ಕೇ ಶನಿವಾರ ಬಂತೆಂದರೆ ಬೀದಿಯ ಅರ್ಧ ಮಕ್ಕಳು ಅವಳ ಮನೆಯಲ್ಲಿ. ನನ್ನ ಅಬ್ರಿಲ್ ಕೂಡ. ಇನ್ನೂ ನಡೆಯಲು ಬಾರದ ಆ ಕೂಸನ್ನೂ ಅವಳು ಮಾತಾಡಿಸುವುದು ‘ನೀವು’ ಎಂದೇ. “ನೀವು ಇನ್ನೊಂದು ತುತ್ತು ತಿನ್ನಲ್ವಾ, ನನ್ನ ರಾಣಿ?”

ಸೀನಿಯಾ ವರ್ಷಗಟ್ಟಲೆ ದುಡಿದದ್ದು ಆಸ್ಪತ್ರೆಗೆ ಬೇಕಾದ ಸಣ್ಣ ಕೊಳವೆಗಳನ್ನು ಮಾಡುವ ಕಾರ್ಖಾನೆಯಲ್ಲಿ. ಭೂತಗನ್ನಡಿಯ ಕೆಳಗೆ ಒಂದೊಂದೇ ಕೊಳವೆ ಹಿಡಿದು ನೋಡುವುದು. ಗೀರು, ಗುಳ್ಳೆ, ಕೂದಲೆಳೆ ಕಂಡರೆ ಕೆಂಪು ಟ್ರೇಗೆ ಹಾಕುವುದು. ಬಾಯಿ ಬಿಡಬೇಕಾಗಿರಲಿಲ್ಲ. ಬೇಡ ಅನ್ನುವ ಕೆಲಸವನ್ನು ಆ ಟ್ರೇಯೇ ಮಾಡುತ್ತಿತ್ತು. ಆ ವಿಭಾಗ ಮುಚ್ಚಿಹೋದಾಗ ಅವಳಿಗೆ ನಲವತ್ತು ದಾಟಿತ್ತು. ಸರ್ಕಾರದ ತರಬೇತಿಗೆ ಸೇರಿ ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿತಳು. ಎಲ್ಲೆಲ್ಲೋ ಅರ್ಜಿ ಹಾಕಿದಳು. ಇಂಟರ್‌ವ್ಯೂಗೆ ಕರೆ ಬಂದದ್ದು ಒಂದೇ ಕಡೆಯಿಂದ. ಅದೂ ಕೈತಪ್ಪಿದರೆ ಉತ್ತರದ ಸಾನ್ ಕಾರ್ಲೋಸ್‌ಗೆ ಹೋಗಿ ಅನಾನಸ್ ಪ್ಯಾಕಿಂಗ್ ಶೆಡ್ಡಿನಲ್ಲಿ ನಿಲ್ಲಬೇಕು. ಅಲ್ಲಿರುವ ಚಿಕ್ಕಮ್ಮನ ಮಗಳು ತಿಂಗಳ ಕೊನೆಗೆ ಬಂದುಬಿಡು ಎಂದಿದ್ದಳು. ಸೀನಿಯಾ ಅದಕ್ಕೂ ಹೌದು ಎಂದು ಕೂತಿದ್ದಳು.

ಅವಳನ್ನು ತಯಾರು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮಗುವಿಗೆ ಹಾಲು ಕುಡಿಸುತ್ತಾ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು, ಇಂಥ ಇಂಟರ್‌ವ್ಯೂಗಳಲ್ಲಿ ಸಾಮಾನ್ಯವಾಗಿ ಏನೇನು ಕೇಳುತ್ತಾರೋ ಎಲ್ಲವನ್ನೂ ಹುಡುಕಿ ಕೇಳುತ್ತಿದ್ದೆ.

“ತಪ್ಪಿನ ತೀವ್ರತೆ ಬೇರೆ, ಸರಿಮಾಡೋ ಆತುರ ಬೇರೆ. ಉದಾಹರಣೆ ಕೊಡಿ.”

“ಬೇಕರಿ ಬೋರ್ಡಲ್ಲಿ ಬೇಕರಿ ಹೆಸರೇ ತಪ್ಪಾಗಿದೆ ಅಂದ್ಕೊಳ್ಳಿ. ಬ್ರೆಡ್ಡಿಗೇನೂ ಆಗಿಲ್ಲ. ಆದ್ರೂ ಇವತ್ತೇ ಸರಿಮಾಡ್ಬೇಕು.”

“ಟೆಸ್ಟಿಂಗ್ ಯಾವಾಗ ನಿಲ್ಲಿಸ್ತೀರಿ?”

“ತಪ್ಪು ಮುಗಿದಾಗ ಅಂತ ಹೇಳಂಗಿಲ್ಲ, ಅದು ಮುಗಿಯೋದೇ ಇಲ್ಲ. ಉಳಿದಿರೋ ತಪ್ಪಿಂದ ಯಾರಿಗೆ ಎಷ್ಟು ತೊಂದ್ರೆ ಅಂತ ಗೊತ್ತಾದಾಗ.”

ಇಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಆ ಪ್ರಶ್ನೆ ಬರುತ್ತಿತ್ತು.

“ಇದು ನಾಳೆ ಜನರ ಕೈಗೆ ಹೋಗ್ಬೇಕು. ನೀವು ತಪ್ಪು ಕಂಡುಹಿಡಿದಿದೀರಿ. ಪ್ರೋಗ್ರಾಮ್ ಬರೆದವನು ಇದು ತಪ್ಪೇ ಅಲ್ಲ ಅಂತಾನೆ. ಏನ್ಮಾಡ್ತೀರಿ?”

ಸೀನಿಯಾ ಮೇಜಿನ ಮೇಲೆ ಇಲ್ಲವೇ ಇಲ್ಲದ ಬ್ರೆಡ್ ಚೂರುಗಳನ್ನು ಕೈಯಲ್ಲಿ ಒರೆಸತೊಡಗುತ್ತಿದ್ದಳು.

“ಪಾಪ, ಅವ್ರೂ ಕಷ್ಟಪಟ್ಟಿರ್ತಾರೆ.”

“ಸೀನಿಯಾ.”

“ಒಂದು ಕಾಫಿ ಕೊಟ್ಟು ನಿಧಾನಕ್ಕೆ ಹೇಳಿದ್ರೆ...”

“ಏನಂತ ಹೇಳ್ತೀರಿ? ಆ ಮಾತು ಬೇಕು ನಂಗೆ.”

“ತುಂಬ ಚೆನ್ನಾಗಿ ಮಾಡಿದೀರಿ ಅಂತ.”

ನಕ್ಕುಬಿಟ್ಟರೆ ಅವಳೂ ನಗುತ್ತಾಳೆ, ಅಲ್ಲಿಗೆ ಮುಗಿಯಿತು. ಅದಕ್ಕೆ ನಾನು ನಗುತ್ತಿರಲಿಲ್ಲ.

ಇಂಟರ್‌ವ್ಯೂ ವಿಡಿಯೊ ಕರೆಯಲ್ಲಿ, ನಮ್ಮ ಮನೆಯಲ್ಲೇ ಎಂದಾಯಿತು. ಅವಳ ಮನೆಯಲ್ಲಿ ನೆಟ್‌ವರ್ಕ್ ನಿಲ್ಲುವುದಿಲ್ಲ. ಅಕ್ಟೋಬರ್ ತಿಂಗಳು, ಕರೆ ಮಧ್ಯಾಹ್ನಕ್ಕೆ. ಆ ಹೊತ್ತಿಗೇ ಬಾರ್ವಾ ಬೆಟ್ಟದ ಕಡೆಯಿಂದ ಮೋಡ ಇಳಿಯುತ್ತದೆ, ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಕರೆಂಟು ಹೋದರೆ? ಅಬ್ರಿಲ್‌ಗೆ ಹಲ್ಲು ಬರುತ್ತಿತ್ತು, ಎದ್ದರೆ ಕಿರುಚುತ್ತಾಳೆ. ಮಗುವನ್ನು ತೋಳಿನಲ್ಲಿ ಮಲಗಿಸಿಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತೆ. ಅಲ್ಲಿಂದ ಲ್ಯಾಪ್‌ಟಾಪ್ ಪರದೆ ನನಗೆ ಕಾಣುತ್ತಿತ್ತು, ಪರದೆಯಲ್ಲಿದ್ದವರಿಗೆ ನಾನು ಕಾಣುತ್ತಿರಲಿಲ್ಲ.

ಕೇಳುವವರು ದೋನ್ ಓಲ್ಮನ್, ಬಿಳಿ ಗಡ್ಡದ ಮೃದು ಮನುಷ್ಯ. ನಮ್ಮಲ್ಲಿ ಗಂಡಸರಿಗೆ ದೋನ್, ಹೆಂಗಸರಿಗೆ ದೋನ್ಯಾ ಎನ್ನುವುದು ಮರ್ಯಾದೆ. ಮೊದಲು ಮಳೆಯ ವಿಷಯ, ಮನೆಯವರ ಯೋಗಕ್ಷೇಮ. ಆಮೇಲೆ ಒಂದೊಂದೇ ಪ್ರಶ್ನೆ. ಬೇಕರಿ ಬೋರ್ಡಿನ ಮಾತಿಗೆ ಅವರು ತಲೆದೂಗಿದರು. ಕೊಳವೆಯ ಕಾರ್ಖಾನೆಯ ಕತೆ ಕೇಳಿ, “ಹಾಗಾದ್ರೆ ನೀವು ಹುಟ್ಟಾ ಟೆಸ್ಟರ್,” ಎಂದರು. ಮೇಜಿನ ಕೆಳಗೆ ಸೀನಿಯಾಳ ಕಾಲು ಅಲುಗಾಡುವುದು ನಿಂತಿತು. ನನ್ನ ಆತಂಕ ಮಾತ್ರ ನಿಲ್ಲಲಿಲ್ಲ. ಇಷ್ಟು ಒಳ್ಳೆಯವರಿಗೆ ಇವಳು ಹೇಗೆ ಎದುರು ಮಾತಾಡುತ್ತಾಳೆ?

ಆಮೇಲೆ ಅವರು ಒಂದು ವೆಬ್ ಪುಟ ಕಳಿಸಿದರು. ಮನೆಗೆ ಔಷಧಿ ತರಿಸಿಕೊಳ್ಳುವ ಪುಟ. ಏನಾದರೂ ಎಡವಟ್ಟಿದೆಯೇ ನೋಡಿ ಎಂದರು. ಸೀನಿಯಾ ಹೆಸರು ತುಂಬಿದಳು, ಔಷಧಿ ಆರಿಸಿದಳು, ತನ್ನ ಮನೆಯ ವಿಳಾಸ ಬರೆಯಲು ಹೊರಟಳು. ನಮ್ಮ ಬೀದಿಯಲ್ಲಿ ಎಲ್ಲರೂ ಬರೆಯುವ ಹಾಗೆಯೇ: ಹಾಲಿನ ಡಿಪೋ ಇದ್ದ ಜಾಗದಿಂದ ಇನ್ನೂರು ಮೀಟರ್ ದಕ್ಷಿಣಕ್ಕೆ, ಐವತ್ತು ಮೀಟರ್ ಪೂರ್ವಕ್ಕೆ, ಬಲಗಡೆ ಹಸಿರು ಗೇಟು, ನಾಯಿ ಕಚ್ಚುವುದಿಲ್ಲ. ಆ ಡಿಪೋವನ್ನು ನಾನಂತೂ ನೋಡಿಲ್ಲ, ಎಂದೋ ಬಿದ್ದುಹೋಗಿದೆ. ಆದರೂ ನಮ್ಮ ವಿಳಾಸ ಅಲ್ಲಿಂದಲೇ ಶುರುವಾಗುತ್ತದೆ.

ಪುಟದ ವಿಳಾಸದ ಪೆಟ್ಟಿಗೆ ‘ದಕ್ಷಿಣಕ್ಕೆ’ ಎಂಬಲ್ಲಿಗೆ ತುಂಬಿಹೋಯಿತು. ಉಳಿದದ್ದು ಒಳಗೇ ಹೋಗಲಿಲ್ಲ. ಜಾಗ ಸಾಲದು ಎಂಬ ಎಚ್ಚರಿಕೆಯೂ ಇಲ್ಲ. ಗುಂಡಿ ಒತ್ತಿದಾಗ ಪುಟ ಹೇಳಿತು: ‘ನಿಮ್ಮ ಔಷಧಿ ಬರುತ್ತಿದೆ. ಧನ್ಯವಾದ.’

“ದೋನ್ ಓಲ್ಮನ್, ಇಲ್ಲೊಂದು ಚಿಕ್ಕದು... ವಿಳಾಸ ಪೂರ್ತಿ ಹಿಡೀತಿಲ್ಲ.”

“ಹೂಂ, ಅದು ನಮಗೂ ಗೊತ್ತಿದೆ. ಬರೆದ ಹುಡುಗ ತೊಂದ್ರೆ ಇಲ್ಲ ಅಂತಾನೆ, ಜನ ಚಿಕ್ಕದಾಗಿ ಬರ್ಕೋತಾರಂತೆ. ನಾಳೆ ಇದು ಹೊರಗೆ ಹೋಗ್ಬೇಕು. ಬಿಡಬಹುದು ಅಲ್ವಾ, ದೋನ್ಯಾ ಸೀನಿಯಾ?”

ಅದೇ ಪ್ರಶ್ನೆ. ಅವರು ನಗುತ್ತಾ ಕೇಳಿದರು, ಅದೇ ದೊಡ್ಡ ಅಪಾಯ. ನಾನು ಬಾಗಿಲಲ್ಲಿ ನಿಂತು ಬೇಡ ಬೇಡ ಎಂದು ಜೋರಾಗಿ ತಲೆಯಾಡಿಸಿದೆ. ಅವಳು ಈ ಕಡೆ ನೋಡಲಿಲ್ಲ.

“ಬಿಡಬಹುದು, ಬಿಡಬಹುದು. ತೊಂದರೆ ಏನಿಲ್ಲ.”

ದೋನ್ ಓಲ್ಮನ್ ಏನನ್ನೋ ಬರೆದುಕೊಂಡರು. ಕನ್ನಡಕ ತೆಗೆದರು. “ತುಂಬ ಸಂತೋಷ ಆಯ್ತು, ದೋನ್ಯಾ ಸೀನಿಯಾ. ನಾವೇ ತಿಳಿಸ್ತೀವಿ.”

ತಗಡಿನ ಮೇಲೆ ಮೊದಲ ಹನಿಗಳು ಬಿದ್ದವು. ‘ನಾವೇ ತಿಳಿಸ್ತೀವಿ’ ಅಂದರೆ ಏನೆಂದು ಈ ದೇಶದಲ್ಲಿ ಮಕ್ಕಳಿಗೂ ಗೊತ್ತು. ಅನಾನಸ್ ಶೆಡ್ಡು ನನ್ನ ಕಣ್ಣಿಗೆ ಕಟ್ಟಿತು. ಕರೆ ಮುಗಿಸುವ ಗುಂಡಿಯ ಮೇಲೆ ಸೀನಿಯಾಳ ಬೆರಳು ಇತ್ತು, ಆದರೆ ಅದು ಒತ್ತಲಿಲ್ಲ.

“ದೋನ್ ಓಲ್ಮನ್, ಕ್ಷಮಿಸಿ. ಬಿಡಬಹುದು ಅಂದೆ ನಾನು. ಬಿಡಬಾರದು.”

“ಏನನ್ನ?”

“ಆ ಪುಟನ.” ಅವಳ ಕತ್ತು, ಕಿವಿ ಎಲ್ಲ ಕೆಂಪಾಗಿತ್ತು. “ಹೀಗೇ ಹೋದ್ರೆ ಔಷಧಿ ತಂದವರು ಎಲ್ಲೋ ತಿರುವಲ್ಲಿ ನಿಂತ್ಕೋತಾರೆ, ಮುಂದೆ ಯಾವ ಕಡೆ ಅಂತ ಗೊತ್ತಾಗಲ್ಲ. ಮನೇಲಿರೋರು ಬರುತ್ತೆ ಅಂತ ಕಾಯ್ತಾ ಕೂತಿರ್ತಾರೆ, ಯಾಕಂದ್ರೆ ಪುಟ ಧನ್ಯವಾದ ಅಂದಿದೆ. ಆ ಪುಟನೂ ನಮ್ಮ ಹಾಗೇ. ಆಗಲ್ಲ ಅನ್ನೋಕೆ ನಾಚಿಕೆ, ಅದಕ್ಕೆ ನಗ್ತಾ ಹೌದು ಅನ್ನುತ್ತೆ. ಬೇಕರಿ ಬೋರ್ಡಾದ್ರೆ ನಗಬಹುದಿತ್ತು. ಇದು ಇನ್ಸುಲಿನ್ ಆಗಿದ್ರೆ?”

“ಮತ್ತೆ ಆಗ ಯಾಕೆ ಹೌದು ಅಂದ್ರಿ?”

“ನೀವು ಅಷ್ಟು ಚೆನ್ನಾಗಿ ಮಾತಾಡಿಸಿದ್ರಲ್ಲ. ಇಲ್ಲ ಅಂದ್ರೆ ಒರಟಾಗುತ್ತೆ ಅನ್ನಿಸ್ತು.”

“ಈಗ ಅನ್ನಿಸ್ತಿಲ್ವಾ?”

“ಈಗ ನೀವು ‘ನಾವೇ ತಿಳಿಸ್ತೀವಿ’ ಅಂದಾಯ್ತು. ನಾನೂ ಎಷ್ಟೋ ಜನಕ್ಕೆ ಹಾಗೆ ಅಂದಿದೀನಿ. ಅದರ ಅರ್ಥ ಗೊತ್ತು ನನಗೆ.”

ದೋನ್ ಓಲ್ಮನ್ ಗಡ್ಡ ಕೆರೆದುಕೊಂಡರು. ಮಳೆ ಜೋರಾಯಿತು, ಅಬ್ರಿಲ್ ತೋಳಿನಲ್ಲಿ ಮಿಸುಕಾಡಿದಳು, ನಾನು ಬೆನ್ನು ತಟ್ಟಿದೆ. ಅವರು ಧ್ವನಿ ಎತ್ತರಿಸಿ ಹೇಳಿದರು: “ನೀವು ನೇರವಾಗಿ ಹೇಳಿದ ಮೇಲೆ ನಾನೂ ಹೇಳ್ತೀನಿ. ನನ್ನ ಉತ್ತರ ಇಲ್ಲ ಅಂತಲೇ ಇತ್ತು. ಈಗ ಅದು ‘ಇಲ್ಲ’ವೂ ಅಲ್ಲ, ‘ಹೌದು’ ಕೂಡ ಅಲ್ಲ. ಗುರುವಾರ ಆಫೀಸಿಗೆ ಬನ್ನಿ, ಅಲ್ಲಿವರೆಗೆ ಆ ಪುಟ ಹೊರಗೆ ಹೋಗಲ್ಲ. ಆ ಪುಟ ಬರೆದವನ ಪಕ್ಕ ಕೂತು ಇದನ್ನೇ ಹೇಳಿ. ನನ್ನ ಹತ್ರ ಪರದೆಯಲ್ಲಿ ಹೇಳಿದ್ದು ಸುಲಭ.”

ಗುರುವಾರ ಅವಳು ಪೂರ್ತಿ ನೆನೆದು ನೇರ ನಮ್ಮ ಮನೆಗೆ ಬಂದಳು. ನಾನು ಟವೆಲ್ ಕೊಡುವುದನ್ನೂ ಮರೆತು ಕೇಳಿದೆ, “ಕಾಫಿ ಕೊಟ್ರಾ ಅವನಿಗೆ?”

“ಕೊಟ್ಟೆ. ಕುಡೀಲಿಲ್ಲ. ಅವನಿಗೆ ಬೇಜಾರಾಯ್ತು, ಮಗಳೇ, ಮುಖ ಇಷ್ಟೇ ಆಯ್ತು. ಜನ ಚಿಕ್ಕದಾಗಿ ಬರ್ಕೋತಾರೆ ಅಂತ ಸುತ್ತಿ ಸುತ್ತಿ ಅದನ್ನೇ ಹೇಳ್ದ. ನಿಮ್ಮಮ್ಮನ ಮನೆ ವಿಳಾಸ ಬರೀರಿ ಅಂದೆ. ಬರೆದ. ಅವರಮ್ಮನ ಮನೆ ಹತ್ರದ ಚರ್ಚಲ್ಲೇ ನಿಂತುಹೋಯ್ತು. ಆಮೇಲೂ ಬಿಡಬಹುದು ಅಲ್ವಾ ಅಂತ ಕೇಳ್ದ.”

“ನೀವು?”

“ಇಲ್ಲ ಅಂದೆ.”

ಮೂರು ತಿಂಗಳು ನೋಡೋಣ ಎಂಬ ಷರತ್ತಿನ ಮೇಲೆ ಕೆಲಸ ಸಿಕ್ಕಿತು. ಸಾನ್ ಕಾರ್ಲೋಸ್‌ಗೆ ಫೋನ್ ಮಾಡಿ ಬರುವುದಿಲ್ಲ ಎನ್ನಬೇಕಿತ್ತಲ್ಲ, ಅದಕ್ಕೆ ಅವಳು ಹಿತ್ತಲಿಗೆ ಹೋಗಿ ಬಹಳ ಹೊತ್ತು ಅತ್ತಿಂದಿತ್ತ ತಿರುಗಿದಳು. ಒಳಗೆ ಬಂದಾಗ ಇಂಟರ್‌ವ್ಯೂ ದಿನಕ್ಕಿಂತ ಹೆಚ್ಚು ಸುಸ್ತಾಗಿದ್ದಳು.

ಮುಂದಿನ ಶನಿವಾರ ನಾನು ಎಂದಿನಂತೆ ಮಗುವನ್ನೂ ಅದರ ಬಟ್ಟೆಯ ಚೀಲವನ್ನೂ ಎತ್ತಿಕೊಂಡು ಆ ಹಸಿರು ಗೇಟಿನ ಮುಂದೆ ನಿಂತೆ. ಅಬ್ರಿಲ್‌ಗೆ ಸ್ವಲ್ಪ ಮೈ ಬಿಸಿ ಇತ್ತು, ನನಗೆ ಗಾಬರಿಯಾಗಿತ್ತು. ಸೀನಿಯಾ ಬಾಗಿಲು ತೆರೆದಳು, ಕೈಯಲ್ಲಿ ಪೆನ್ಸಿಲ್.

“ಈ ಶನಿವಾರ ಆಗಲ್ಲ, ಮಗಳೇ. ಕೆಲಸ ಇದೆ.” ಆಮೇಲೆ ಬಾಗಿ ಮಗುವಿನ ಕೆನ್ನೆ ಮುಟ್ಟಿ ನೋಡಿದಳು. “ನೀವು ಬೇಜಾರ್ ಮಾಡ್ಕೋಬೇಡಿ. ಜ್ವರ ಏನಿಲ್ಲ ನಿಮಗೆ, ಹಲ್ಲಷ್ಟೇ.”

ಬೆಟ್ಟದ ಕಡೆ ಮೋಡ ಇಳಿಯುತ್ತಿತ್ತು. ‘ತೊಂದರೆ ಏನಿಲ್ಲ’ ಎಂದೆ, ನಮ್ಮೂರಿನಲ್ಲಿ ಎಲ್ಲರೂ ಅನ್ನುವ ಹಾಗೆ.