ಎದುರುಮನೆ ಅಕ್ಕನ ರಾಗಿ ಪೌಡರು

ಮೊನ್ನೆ ಭಾನುವಾರ ಮೊಮ್ಮಗಳು ಊಟದ ಮೇಜಿನ ಮೇಲೆ ಪೇಪರ್ ಹಾಸಿಕೊಂಡು ಕೂತಿದ್ದಳು. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಕೊಂಡು, ಅದರಲ್ಲಿ ಯಾರೋ ಹುಡುಗಿ ಹೇಳಿಕೊಟ್ಟ ಹಾಗೆ ಆರಾರೂಟ್ ಹಿಟ್ಟಿಗೆ ಕೋಕೋ ಪುಡಿ ಬೆರೆಸಿ ಜರಡಿ ಹಿಡಿಯುತ್ತಿದ್ದಳು. ಮುಖಕ್ಕೆ ಹಚ್ಚುವ ಪೌಡರಂತೆ. ಕೋಕೋ ಯಾಕೆ ಎಂದು ಕೇಳಿದೆ. "ನನ್ನ ಬಣ್ಣಕ್ಕೆ ಹೊಂದಬೇಕಲ್ವಾ ಅಜ್ಜಿ, ಇಲ್ಲಾಂದ್ರೆ ಮುಖ ಬೂದಿ ಬೂದಿ ಕಾಣುತ್ತೆ" ಎಂದಳು. ಆಮೇಲೆ ಒಣಗಿದ ಗುಲಾಬಿ ದಳಗಳನ್ನು ಪುಡಿ ಮಾಡಿ ಹಾಕಿದಳು. ಆ ವಾಸನೆ ಬಂದದ್ದೇ ಅವರೆಕಾಯಿ ಬಿಡಿಸುತ್ತಿದ್ದ ನನ್ನ ಕೈ ನಿಂತುಹೋಯಿತು. ಏನಾಯ್ತು ಎಂದು ಕೇಳಿದಳು. ಏನಿಲ್ಲ ಎಂದೆ. ನನಗೆ ಎದುರಿಗೆ ಕೂತು ಹೇಳಲು ಬರುವುದಿಲ್ಲ, ನಿಮಗೆಲ್ಲ ಗೊತ್ತಿರುವುದೇ. ಹಳ್ಳಿ ಶಾಲೆಯಲ್ಲಿ ಕಲಿತ ನಾಲ್ಕಕ್ಷರ ಇದೆ, ಅದರಲ್ಲೇ ಬರೆಯುತ್ತೇನೆ.

ಮದುವೆಯಾಗಿ ಮಾಲೂರು ಕಡೆಯಿಂದ ಬಂದಾಗ ನಾವು ಗರುಡಾಚಾರ್‌ಪಾಳ್ಯದಲ್ಲಿ ಬಾಡಿಗೆಗಿದ್ದೆವು. ನಿಮ್ಮ ತಾತ ಕಾರ್ಖಾನೆಗೆ ಹೋದರೆ ಸಂಜೆಯವರೆಗೆ ನಾನೊಬ್ಬಳೇ. ಆಗಿನ್ನೂ ಅದು ಅರ್ಧ ಹಳ್ಳಿ. ಎದುರುಮನೆಯವರು ಅಲ್ಲಿನ ಹಳೆಯ ಒಕ್ಕಲು ಮನೆತನ. ಒಂದಷ್ಟು ಹೊಲ ಕಾರ್ಖಾನೆಗಳಿಗೆ ಹೋಗಿತ್ತು, ಒಂದಷ್ಟರಲ್ಲಿ ಇನ್ನೂ ರಾಗಿ ಬೆಳೆಯುತ್ತಿದ್ದರು. ಆ ಮನೆಯ ಸೊಸೆಯನ್ನೇ ನಾನು ಅಕ್ಕ ಎನ್ನುತ್ತಿದ್ದದ್ದು. ನನ್ನ ಹಾಗೇ ಕಪ್ಪು. ಅವರ ಅತ್ತೆ ಮಾತ್ರ ಕೆಂಪಗೆ ಬೆಳ್ಳಗಿದ್ದರು, ಬಾಯಲ್ಲಿ ಸದಾ ಎಲೆಯಡಿಕೆ.

ನಿಮ್ಮ ತಾತ ಮೊದಲ ಸಲ ಕಮರ್ಷಿಯಲ್ ಸ್ಟ್ರೀಟಿಗೆ ಕರೆದುಕೊಂಡು ಹೋದಾಗ ಒಂದು ಡಬ್ಬಿ ಪೌಡರು ಕೊಡಿಸಿದ್ದರು. ಮಾರನೆಯ ದಿನ ಅದನ್ನು ಹಚ್ಚಿಕೊಂಡು ನೀರಿಗೆ ಹೋದೆ. ಜಗುಲಿ ಮೇಲೆ ಕೂತಿದ್ದ ಅಕ್ಕನ ಅತ್ತೆ, "ಏನಮ್ಮಾ, ಮುದ್ದೆನ ಅಕ್ಕಿ ಹಿಟ್ಟಲ್ಲಿ ಹೊರಳಿಸಿದಂಗಿದೆ" ಎಂದರು. ನಲ್ಲಿ ಹತ್ತಿರ ಇದ್ದವರೆಲ್ಲ ನಕ್ಕರು. ನಾನು ಕೊಡ ಅಲ್ಲೇ ಬಿಟ್ಟು ಮನೆಗೆ ಬಂದುಬಿಟ್ಟೆ. ಸ್ವಲ್ಪ ಹೊತ್ತಿಗೆ ಆ ಕೊಡ ತುಂಬಿಕೊಂಡು ಅಕ್ಕ ಬಂದರು. "ನನಗೂ ಇದನ್ನೇ ಅಂದಿದ್ರು ಕಣಮ್ಮ, ಮದುವೆ ಆದ ಹೊಸದ್ರಲ್ಲಿ. ಅವರಿಗೆ ಹೊಸ ಮಾತು ಹುಟ್ಟಲ್ಲ" ಎಂದರು. ಆ ಊರಿನಲ್ಲಿ ನಾನು ಮೊದಲ ಸಲ ನಕ್ಕಿದ್ದು ಆಗ.

ಅಕ್ಕ ತಮ್ಮ ಪೌಡರು ತಾವೇ ಮಾಡಿಕೊಳ್ಳುತ್ತಿದ್ದರು. ಅಕ್ಕಿಯನ್ನು ದಿನಾ ನೀರು ಬದಲಿಸಿ ನೆನೆಸಿ, ನುಣ್ಣಗೆ ರುಬ್ಬಿ, ಹಳೆಯ ಪಂಚೆ ಬಟ್ಟೆಯಲ್ಲಿ ಸೋಸುವುದು. ಹಾಲು ತಿಳಿಯಾದ ಮೇಲೆ ಮೇಲಿನ ನೀರು ಬಗ್ಗಿಸಿ, ತಳದ ಗಸಿಯನ್ನು ನೆರಳಲ್ಲಿ ಒಣಗಿಸುವುದು. ಇಷ್ಟನ್ನು ಯಾರಾದರೂ ಮಾಡುತ್ತಾರೆ. ಅಕ್ಕ ರಾಗಿಯ ಹಾಲನ್ನೂ ಹಾಗೇ ತೆಗೆದು ಒಣಗಿಸಿ, ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದು, ಅಕ್ಕಿಯದರ ಜೊತೆ ಬೆರೆಸುತ್ತಿದ್ದರು. ಒಂದಿಷ್ಟು ಮನೆ ಅರಿಶಿನ, ಘಮಕ್ಕೆ ಕಚೋರದ ಗೆಡ್ಡೆಯ ಪುಡಿ, ಶಿವಾಜಿನಗರದಿಂದ ತರಿಸಿ ಒಣಗಿಸಿದ ಗುಲಾಬಿ. ಆಮೇಲೆ ನನ್ನನ್ನು ಬಾಗಿಲಿಗೆ ಕರೆದು, ಬಿಸಿಲಿಗೆ ಮುಖ ತಿರುಗಿಸಿ, ಕೆನ್ನೆಯ ಅಂಚಿಗೆ ಹಚ್ಚಿ ನೋಡುವರು. ಬೆಳ್ಳಗೆ ಕಂಡರೆ ಇನ್ನಷ್ಟು ರಾಗಿ. "ಹಚ್ಚಿದ್ದು ಕಾಣಬಾರದು. ನಿನ್ನ ಮುಖಾನೇ ಕಾಣ್ಬೇಕು" ಎನ್ನುತ್ತಿದ್ದರು. ಯಾರೂ ನನಗೆ ಹಾಗೆ ಹೇಳಿರಲಿಲ್ಲ...

ಅಕ್ಕನಿಗೆ ಒಬ್ಬಳೇ ಮಗಳು. ತಾಯಿಯದೇ ಬಣ್ಣ. ಕಾಲೇಜು ಮುಗಿಸುವ ಹೊತ್ತಿಗೆ ಇಂದಿರಾನಗರದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ವಿಮಾ ಕಚೇರಿಯಲ್ಲಿ ಕೆಲಸದಲ್ಲಿದ್ದ. ಯಾವುದೋ ಮದುವೆಯಲ್ಲಿ ಅವಳು ಅವನನ್ನು ನೋಡಿದ್ದಳು, ಮನಸ್ಸಿಟ್ಟಿದ್ದಳು. ಆದರೆ ಹುಡುಗನ ತಾಯಿ ಮಾತು ತಂದವರ ಹತ್ತಿರ ಹುಡುಗಿಯ ಬಣ್ಣ ಹೇಗೆ ಎಂದು ಮತ್ತೆ ಮತ್ತೆ ಕೇಳಿ ಕಳಿಸಿದ್ದರು. ಅಕ್ಕನಿಗೆ ರೇಗಿತು. "ಬಣ್ಣ ಕೇಳೋ ಮನೆಗೆ ನನ್ನ ಮಗಳನ್ನ ಕೊಡಲ್ಲ" ಎಂದು ಎಲ್ಲರ ಎದುರಿಗೇ ಅಂದುಬಿಟ್ಟರು. ಮಗಳು ಊಟ ಬಿಟ್ಟು ಕೂತಳು. ಅಕ್ಕ ಕರಗಿದರು. ಬರಲಿ, ನೋಡಿಕೊಂಡು ಹೋಗಲಿ ಎಂದರು. ಮಗಳಿಗೆಂದು ಹೊಸದಾಗಿ ಪೌಡರು ಮಾಡಿ ಡಬ್ಬಿಗೆ ತುಂಬಿ, ಕನ್ನಡಿ ಮುಂದೆ ಇಟ್ಟರು.

ಹುಡುಗಿ ನೋಡಲು ಬರುತ್ತಾರೆಂದು ಮನೆಗೆ ಸುಣ್ಣ ಹೊಡೆಸಿದ್ದರು.

ಬೇಸಿಗೆಯ ಮಧ್ಯಾಹ್ನ. ಕೇಸರಿಬಾತು ಮಾಡಿಡಲು ನಾನೂ ಅಲ್ಲೇ ಇದ್ದೆ. ಅವರು ಬಂದು ಕೂತ ಮೇಲೆ ಕರೆಂಟು ಹೋಯಿತು. ಹುಡುಗಿ ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಎಂದಿಗಿಂತ ಬೆಳ್ಳಗಿದ್ದಳು. ಕೈಗನ್ನಡಿ ಹಿಡಿದು ತಾನೇ ಹಚ್ಚಿಕೊಂಡಿದ್ದಳಲ್ಲ, ಹೆಚ್ಚಾಗಿರಬೇಕು ಅಂದುಕೊಂಡೆ. ಬೆವರಿದಳು. ಮೊದಲು ಮೂಗಿನ ಪಕ್ಕ, ಆಮೇಲೆ ಹಣೆಯಿಂದ ಕೆನ್ನೆಗೆ, ಕೆಂಪಗೆ ಗೆರೆ ಗೆರೆ ಇಳಿಯತೊಡಗಿತು. ಉರಿಯುತ್ತಿತ್ತೇನೋ, ಸೆರಗನ್ನು ಹಿಂಡುತ್ತಿದ್ದಳು, ಮುಖ ಮುಟ್ಟಿಕೊಳ್ಳಲಿಲ್ಲ. ಹುಡುಗನ ತಾಯಿ ಬಗ್ಗಿ ನೋಡಿ, "ಏನಮ್ಮ ಇದು, ಚರ್ಮದ ಕಾಯಿಲೆ ಏನಾದ್ರೂ ಇದೆಯಾ?" ಎಂದರು. ಬಂದವರೆಲ್ಲ ತಟ್ಟೆ ಮುಟ್ಟದೆ ಎದ್ದು ಹೋದರು.

ಮಗಳ ಮುಖ ತೊಳೆದು ಕೊಬ್ಬರಿ ಎಣ್ಣೆ ಹಚ್ಚಿ ಮಲಗಿಸಿ, ಅಕ್ಕ ಆ ಡಬ್ಬಿಯನ್ನು ಅಡುಗೆಮನೆಗೆ ತಂದರು. ಒಂದು ಚಿಟಿಕೆಯನ್ನು ಅಂಗೈಗೆ ಹಾಕಿ, ಒದ್ದೆ ಬೆರಳಲ್ಲಿ ಉಜ್ಜಿದರು. ಕೆಂಪಾಯಿತು. ಆರತಿ ತಟ್ಟೆಗೆ ಅರಿಶಿನ ಸುಣ್ಣ ಕಲಸಿ ಕೆಂಪು ನೀರು ಮಾಡದ ಹೆಂಗಸು ಯಾರಿದ್ದಾರೆ. ನನಗೂ ತಿಳಿಯಿತು. ಅಕ್ಕ ಒಲೆಯ ಪಕ್ಕ ಕೂತಿದ್ದ ಅತ್ತೆಯ ಕಡೆ ತಿರುಗಿದರು.

"ಅತ್ತೆ, ಇದಕ್ಕೆ ಸುಣ್ಣ ಬೆರೆಸಿದ್ರಾ?"

"ಒಂದು ಹಿಡಿ ಹಾಕ್ದೆ. ಗೋಡೆಗೆ ಉಳಿದಿತ್ತಲ್ಲ, ನುಣ್ಣಗೆ ಜರಡಿ ಹಿಡಿದು ಹಾಕ್ದೆ. ಇರೋ ಬಣ್ಣದ ಮೇಲೆ ನೀನು ಇನ್ನೂ ರಾಗಿ ಬಳೀತೀಯ. ಮಗು ಬೆಳ್ಳಗೆ ಕಾಣಲಿ ಅಂತ ನಾನು ಹಾಕ್ದೆ."

ಕೆಡುಕು ಮಾಡಬೇಕೆಂದು ಹಾಕಿದ್ದಲ್ಲ, ಅದು ನನಗೂ ಗೊತ್ತು. ಮೊಮ್ಮಗಳೆಂದರೆ ಆಕೆಗೆ ಜೀವ. ಆದರೆ ಅಕ್ಕನ ಯಜಮಾನರು ಒಳಗೆ ಬಂದು ಏನಾಯಿತು ಎಂದು ಕೇಳಿದಾಗ ಆ ಬಾಯಿ ಬೇರೆಯೇ ಆಯಿತು. "ನಾನು ಆ ಡಬ್ಬಿ ಮುಟ್ಟೂ ಇಲ್ಲ. ಈ ಸಂಬಂಧ ಬೇಡ ಅಂತ ಕೂಗಾಡಿದ್ದು ಯಾರು, ಅವರನ್ನ ಕೇಳಪ್ಪ" ಎಂದರು. ಅಕ್ಕ ಬಾಯಿ ತೆರೆದರು. ಯಜಮಾನರು ತಿರುಗಿ ಹೊರಟೇ ಹೋದರು. ಬಾಗಿಲಲ್ಲಿ ಮಗಳು ನಿಂತಿದ್ದಳು, ಮುಖದ ತುಂಬ ಎಣ್ಣೆ. ಅವಳಿಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ.

ನಾನು ಯಾರ ಮನೆಯ ವಿಷಯಕ್ಕೂ ಹೋಗುವವಳಲ್ಲ. ಆದರೆ ಮಾರನೆಯ ದಿನ ಮಾಳಿಗೆ ಮೇಲೆ ಬಟ್ಟೆ ಹಾಕುತ್ತಿದ್ದ ಅವಳ ಹತ್ತಿರ ಹೋಗಿ, ಕೇಳಿದ್ದನ್ನು ಕೇಳಿದ ಹಾಗೇ ಹೇಳಿದೆ. ಮಾತು ತೊದಲಿತು. ಅರಿಶಿನ ಸುಣ್ಣ ಅಂಗೈಯಲ್ಲಿ ಕಲಸಿ ತೋರಿಸಿದೆ.

"ಸುಣ್ಣ ಅಂತ ನನಗೂ ಗೊತ್ತಾಯ್ತು ಆಂಟಿ. ಹಾಕಿದ್ದು ಯಾರು ಅಂತ ಕೈಯಲ್ಲಿ ಕಾಣುತ್ತಾ?" ಎಂದಳು. ಆಮೇಲೆ ಮೆಲ್ಲಗೆ, "ಅಮ್ಮ ಕಳಿಸಿದ್ರಾ?" ಎಂದಳು.

ಆ ಸಂಬಂಧ ಮತ್ತೆ ಬರಲಿಲ್ಲ. ಎದುರುಮನೆ ಹುಡುಗಿಗೆ ಏನೋ ಚರ್ಮದ ತೊಂದರೆ ಇದೆಯಂತೆ ಎಂಬ ಮಾತು ಕೆ.ಆರ್. ಪುರದವರೆಗೂ ಹೋಗಿತ್ತು. ಕೊನೆಗೆ ಹೊಸಕೋಟೆ ಕಡೆ ಕೊಟ್ಟರು. ಹಬ್ಬಕ್ಕೆ ಬಂದರೆ ಅಜ್ಜಿಯ ಕಾಲು ಮುಟ್ಟಿ, ಅಜ್ಜಿಯ ಪಕ್ಕದಲ್ಲೇ ಮಲಗುತ್ತಿದ್ದಳು. ತಾಯಿಯ ಜೊತೆ ಉಪ್ಪು ಬೇಕಾ, ನೀರು ಬೇಕಾ, ಅಷ್ಟೇ ಮಾತು. ಅಕ್ಕ ಮತ್ತೆಂದೂ ಪೌಡರು ಮಾಡಲಿಲ್ಲ. ಆ ಪಂಚೆ ಬಟ್ಟೆಯಲ್ಲಿ ಮೊಸರು ಕಟ್ಟುತ್ತಿದ್ದರು. ಒಮ್ಮೆ ಮಾತ್ರ ನನ್ನ ಹತ್ತಿರ, "ನನ್ನ ಮುಖ ನೋಡಿದ್ರೆ ಅವಳಿಗೆ ಅದೇ ನೆನಪಾಗುತ್ತೆ ಅನ್ಸುತ್ತೆ" ಎಂದಿದ್ದರು. ಅವರು ತೀರಿಕೊಂಡಾಗ ಮಗಳು ಬಂದು ಎಲ್ಲವನ್ನೂ ಕ್ರಮವಾಗಿ ಮಾಡಿದಳು, ಯಾವುದಕ್ಕೂ ಕಮ್ಮಿ ಮಾಡಲಿಲ್ಲ.

ಹೋದ ವರ್ಷ ಹಲಸೂರಿನ ಛತ್ರದಲ್ಲಿ ಒಂದು ಮದುವೆ ಊಟಕ್ಕೆ ಕೂತಿದ್ದಾಗ ಅವಳು ಬಂದು ಪಕ್ಕದಲ್ಲಿ ಕೂತಳು. ಅವಳ ಕೂದಲೂ ನರೆತಿದೆ. ಅವಳೇ ಮಾತು ತೆಗೆದಳು. "ಅಮ್ಮನ ಮೇಲೆ ಈಗ ನಂಗೆ ಬೇಜಾರಿಲ್ಲ ಆಂಟಿ. ನನಗೂ ಮಗಳಿದಾಳೆ, ಅರ್ಥ ಆಗುತ್ತೆ. ಆ ಮನೆಗೆ ನಾನು ಹೋಗಬಾರದು ಅಂತ ಹಾಗೆ ಮಾಡಿದ್ರು. ನಾನು ಕ್ಷಮಿಸಿಬಿಟ್ಟಿದೀನಿ."

"ನಿಮ್ಮಮ್ಮ ಮಾಡಲಿಲ್ಲ ಕಣಮ್ಮ" ಎಂದೆ. "ನಿಮ್ಮಜ್ಜಿನೇ ನನ್ನ ಕಿವಿಗೆ ಬೀಳೋ ಹಾಗೆ..."

"ಬಿಡಿ ಆಂಟಿ. ಇಬ್ಬರೂ ಹೋದರು. ತುಪ್ಪ ಹಾಕಿಸ್ಕೊಳ್ಳಿ" ಎಂದು ನನ್ನ ಕೈ ತಟ್ಟಿದಳು. ಎದುರು ಸಾಲಿನಲ್ಲಿದ್ದ ಅವಳ ನಾದಿನಿ, ಎಂಥ ದೊಡ್ಡ ಮನಸ್ಸು ನೋಡಿ ಎಂಬಂತೆ ನನ್ನ ಕಡೆ ತಲೆಯಾಡಿಸಿದಳು. ನಾನು ಒಬ್ಬಟ್ಟನ್ನು ಎಲೆಯ ಅಂಚಿಗೆ ಸರಿಸಿದೆ.

ಬದುಕಿದ್ದಾಗ ಅಕ್ಕ ಆ ಅಪವಾದ ಹೊತ್ತರು. ಈಗ ಈ ಕ್ಷಮೆಯನ್ನೂ ಅವರ ತಲೆಗೆ ಕಟ್ಟಿಯಾಯಿತು. ನನಗೆ ಇದೇ ಹೆಚ್ಚು ಕಹಿ, ಏಕೆಂದರೆ ಬೇಡ ಎಂದು ಹೇಳಲು ಅವರಿಲ್ಲ. ಆ ದಿನ ಅಡುಗೆಮನೆಯಲ್ಲಿ ಅತ್ತೆ ಬಾಯಿಬಿಟ್ಟಾಗ ಇದ್ದವರಲ್ಲಿ ಉಳಿದಿರುವುದು ನಾನೊಬ್ಬಳೇ, ನನ್ನ ಮಾತು ನಡೆಯಲಿಲ್ಲ. ನೀವು ಯಾರೂ ಅಕ್ಕನನ್ನು ನೋಡಿದವರಲ್ಲ. ಆದರೂ ನಿಮ್ಮಲ್ಲಿ ಒಬ್ಬರಾದರೂ ತಿಳಿದಿರಿ: ಸುಣ್ಣ ಹಾಕಿದ್ದು ಅವರಲ್ಲ.