ಗುಮ್ಮಕ್ಕನ ಗಿಟಾರು ಕೆಟ್ಟ ವಾರ

ಆ ಬೇಸ್ ಗಿಟಾರು ಇನ್ನು ರಿಪೇರಿಯೇ ಆಗದಂತೆ ಕೆಟ್ಟುಹೋಗಲಿ ಎಂದು ಗುಮ್ಮಕ್ಕ ಹಾರೈಸದ ದಿನವಿರಲಿಲ್ಲ. ಆದರೆ ಅದಕ್ಕೆ ಸಣ್ಣದೊಂದು ನೆಗಡಿ ಬಂದರೂ ಸ್ಕ್ರೂಡ್ರೈವರು ಹಿಡಿದು ಮೊದಲು ಓಡುತ್ತಿದ್ದವಳೂ ಅವಳೇ. ಅವಳ ಕಥೆಯೆಂದರೆ ಇಷ್ಟೇ. ಬಿಡಿಸಿ ಹೇಳಿದರೆ ಕೊಂಚ ಉದ್ದವಾಗುತ್ತದೆ.

ಗುಮ್ಮಕ್ಕ ಎನ್ನುವುದು ಬೀದಿಯ ಮಕ್ಕಳು ಇಟ್ಟ ಹೆಸರು. ಸಂಜೆಯಾದರೆ ಅವಳ ಮನೆಯ ಮಹಡಿಯಿಂದ ಗುಂ ಗುಂ ಎಂದು ಸದ್ದು ಬರುತ್ತಿತ್ತು. ಕೆಳಗಿನ ಕುರ್ಚಿ ಮಂಚದ ಅಂಗಡಿಯ ಗಾಜು ಅದಕ್ಕೆ ತಾಳ ಹಾಕುತ್ತಿತ್ತು. ಮನೆಯವರೇ ಸೇರಿ ನಡೆಸುವ ಆರ್ಕೆಸ್ಟ್ರಾ ಅದು. ಮದುವೆ, ಆಫೀಸಿನವರ ಬೀಳ್ಕೊಡುಗೆ, ಹೊಸ ಅಂಗಡಿ ತೆರೆಯುವುದು, ಯಾರು ಯಾವುದಕ್ಕೆ ಕರೆದರೂ ಗಂಟುಮೂಟೆ ಕಟ್ಟಿಕೊಂಡು ಹೊರಡುವುದು. ಮಾವ ಯಜಮಾನರು, ಮೈಕು, ಸ್ಪೀಕರಿನ ಗುಂಡಿಗಳೆಲ್ಲ ಅವರ ಕೈಯಲ್ಲಿ. ಅತ್ತೆಯದು ಹಾಡು, ಗಂಡನದು ಡ್ರಮ್ಮು, ಮೈದುನನದು ಕೀಬೋರ್ಡು. ಬೇಸ್ ಗಿಟಾರು ನಾದಿನಿಯ ಗಂಡನ ಪಾಲಿನದಾಗಿತ್ತು. ಆತ ಯಾವುದೋ ಮೈಕಿನ ವಿಷಯಕ್ಕೆ ಮಾವನ ಜೊತೆ ಮುನಿಸಿಕೊಂಡು, ಹೆಂಡತಿಯನ್ನು ಕರೆದುಕೊಂಡು, ಗಿಟಾರನ್ನು ಗೋಡೆಗೆ ಒರಗಿಸಿ ಹೊರಟೇಹೋದ. ಅದೇ ಹೊತ್ತಿಗೆ ಇವಳು ಮದುವೆಯಾಗಿ ಆ ಮನೆಗೆ ಕಾಲಿಟ್ಟಿದ್ದಳು.

"ಹಾಡೋಕೆ ಬರುತ್ತೇನಮ್ಮಾ?" ಎಂದರು ಮಾವ.

"ಇಲ್ಲ ಮಾವ."

"ಕೈ ಎರಡೂ ನೆಟ್ಟಗಿದಾವಲ್ಲ? ಸಾಕು ಬಿಡು."

ಹಾಗೆ ಶುರುವಾಯಿತು. ಸದ್ದು ಹೊರಗೆ ಹೋಗಬಾರದೆಂದು ಅಭ್ಯಾಸದ ಕೋಣೆಯ ಕಿಟಕಿಗೆ ಹಳೆಯ ಹಾಸಿಗೆ ತುರುಕಿದ್ದರು. ಸದ್ದು ಹೇಗೂ ಹೋಗುತ್ತಿತ್ತು. ಗಾಳಿ ಮಾತ್ರ ಒಳಗೆ ಬರುತ್ತಿರಲಿಲ್ಲ. ಬೀರುವಿಗೂ ದೊಡ್ಡ ಸ್ಪೀಕರಿಗೂ ನಡುವೆ ಅವಳ ಜಾಗ. ಗಿಟಾರು ಕೊರಳಿಗೆ ನೇತುಹಾಕಿಕೊಂಡರೆ ತಿರುಗಲು ಆಗುತ್ತಿರಲಿಲ್ಲ, ತುದಿ ಬೀರುವಿಗೆ ಬಡಿಯುತ್ತಿತ್ತು. ವೈರು ಎರಡು ಮಾರು ಉದ್ದ. ಹಸುವನ್ನು ಗೂಟಕ್ಕೆ ಕಟ್ಟಿದಾಗಲಾದರೂ ಹಗ್ಗ ಇದಕ್ಕಿಂತ ಉದಾರವಾಗಿರುತ್ತದೆ.

ಗಿಟಾರೋ, ಅಂಗಡಿಯಲ್ಲಿದ್ದವುಗಳಲ್ಲೆಲ್ಲ ಅಗ್ಗದ್ದು. ಪ್ಲೈವುಡ್ಡಿನ ಮೈ, ಅದರ ಮೇಲೆ ಕೆಂಪು ಬಣ್ಣ, ನಾಲ್ಕು ದಪ್ಪ ತಂತಿ, ಕುತ್ತಿಗೆಯನ್ನು ಮೈಗೆ ಹಿಡಿದಿಟ್ಟ ನಾಲ್ಕು ಸ್ಕ್ರೂ. ಗುಂಡಿ ತಿರುಗಿಸಿದರೆ ಸಾಸಿವೆ ಸಿಡಿದ ಹಾಗೆ ಚಟಪಟ ಎನ್ನುತ್ತಿತ್ತು. ಮೊದಲ ವರ್ಷ ಮಾವ ಅದನ್ನು ಎರಡು ಸಲ ಪೇಟೆಗೆ ಕಳಿಸಿದರು, ಎರಡು ಸಲವೂ ಅದು ಹೋದ ಹಾಗೇ ಬಂತು. ಮೂರನೆಯ ಸಲ ಅವಳು ಹಿಂದಿನ ಮುಚ್ಚಳ ಬಿಚ್ಚಿ ನೋಡಿದಳು. ಒಳಗೆ ಮೂರು ವೈರು, ಒಂದು ಗುಂಡಿ, ಒಂದಿಷ್ಟು ಧೂಳು. ಇಷ್ಟೇನಾ ಅನಿಸಿತು. ಈ ಇಷ್ಟೇನಾ ಎಂಬುದೇ ಅವಳನ್ನು ಕೆಡಿಸಿದ್ದು.

ಸವೆದ ಸ್ಕ್ರೂ ತೂತಿಗೆ ಬೆಂಕಿಕಡ್ಡಿ ಸೀಳಿ, ಗೋಂದು ಹಚ್ಚಿ ಜಡಿದಳು. ಬಿಟ್ಟುಹೋದ ವೈರಿಗೆ ಸೀಸದ ಬೆಸುಗೆ ಹಾಕಲು ಕಲಿತಳು. ಗುಂಯ್ ಎಂಬ ಕರೆಂಟಿನ ಗುನುಗು ಹೋಗಲೆಂದು ಒಳಗಿನ ಗುಳಿಗೆಲ್ಲ ಅಡುಗೆಮನೆಯ ಬೆಳ್ಳಿಕಾಗದ ಅಂಟಿಸಿದಳು. ಹಳೆಯ ತಂತಿಗಳು ಮಂಕಾಗಿ ನುಡಿಯತೊಡಗಿದಾಗ ಬಿಚ್ಚಿ, ಸುರುಳಿ ಸುತ್ತಿ, ಪಾತ್ರೆಯಲ್ಲಿ ಕುದಿಸಿದಳು. ಬೆವರಿನ ಕೊಳೆಯೆಲ್ಲ ಬಿಟ್ಟು ಹೊಸದರ ಹಾಗೆ ಮಿಂಚಿದವು. ಅವತ್ತು ಅತ್ತೆ ಮುಚ್ಚಳ ತೆಗೆದು ನೋಡಿ ಒಂದು ಹೆಜ್ಜೆ ಹಿಂದೆ ಸರಿದಿದ್ದರು.

"ಇದೇನೇ ಇದು, ಹಾವು ಬೇಯಿಸ್ತಿದೀಯಾ?"

"ತಂತಿ ಅತ್ತೆ. ಇನ್ನು ಹತ್ತು ನಿಮಿಷ ಅಷ್ಟೇ."

"ಉಪ್ಪು ಹಾಕ್ಬೇಡ, ನಿಮ್ಮ ಮಾವಂಗೆ ಬಿಪಿ."

ಅವಳ ಅಂಗೈ ಚಿಕ್ಕದು. ಗಿಟಾರಿನ ಕುತ್ತಿಗೆ ಒನಕೆಯ ಹಾಗೆ ದಪ್ಪ. ಬೆರಳು ದಪ್ಪ ತಂತಿಯವರೆಗೆ ಚಾಚಿ ಚಾಚಿ ಮಣಿಕಟ್ಟು ಊದಿಕೊಂಡಾಗ, ಉಪ್ಪುಕಾಗದ ತಂದು ಕುತ್ತಿಗೆಯ ಬೆನ್ನನ್ನು ಉಜ್ಜಲು ಕೂತಳು. ದಿನಾ ಮಧ್ಯಾಹ್ನ ಒಂದಿಷ್ಟು. ಉಜ್ಜುವುದು, ಕಣ್ಣು ಮುಚ್ಚಿ ಹಿಡಿದು ನೋಡುವುದು, ಮತ್ತೆ ಉಜ್ಜುವುದು. ಕಡೆಗೆ ಅದು ಅವಳ ಅಂಗೈಗೆ ಎರಕ ಹೊಯ್ದಂತೆ ಕೂತಿತು. ಬೇರೆ ಯಾರ ಕೈಗೂ ಅದು ಒಗ್ಗದಂತಾಯಿತು. ಒಮ್ಮೆ ಹಿಡಿದು ನೋಡಿದ ಮೈದುನ, "ಇದೇನು ಅತ್ತಿಗೆ, ಪೊರಕೆ ಕಡ್ಡಿ!" ಎಂದು ಕೆಳಗಿಟ್ಟ. ಅವಳಿಗೆ ಹೆಮ್ಮೆಯಾಯಿತು. ತನ್ನ ಕಾಲಿಗೆ ತಾನೇ ಅಳತೆ ಕೊಟ್ಟು ಬೇಡಿ ಮಾಡಿಸಿಕೊಂಡೆ ಎಂದು ಅವತ್ತು ಹೊಳೆಯಲಿಲ್ಲ.

ಹದಿನಾಲ್ಕು ವರ್ಷ ಹಾಗೇ ಹೋಯಿತು. ನಡುವೆ ಒಂದೆರಡು ಸಲ, "ಮಾವ, ನನಗೆ ಸಾಕಾಗಿದೆ," ಎಂದಿದ್ದಳು. ಮಾವ ಕೆಟ್ಟವರಲ್ಲ, ಬೈಯಲಿಲ್ಲ, ನಕ್ಕರು. "ಆ ಗಿಟಾರು ಸತ್ತ ದಿನ ನಿನಗೂ ಬಿಡುಗಡೆ ಕಣಮ್ಮ. ಇನ್ನೊಂದು ತರೋನಲ್ಲ ನಾನು. ಅದಿರೋ ತನಕ ನೀನಿರು." ಹಾಗೆಂದು ನಾಲ್ಕು ಜನರ ಮುಂದೆಯೂ ಹೇಳಿದ್ದರು. ಮಾತಿಗೆ ತಪ್ಪುವ ಮನುಷ್ಯರಲ್ಲ ಅವರು.

ಈಗ ವೈಂಡಿಂಗ್ ತಾತನ ವಿಷಯ. ಬೀದಿಯ ತಿರುವಿನಲ್ಲಿ ಅವರ ಅಂಗಡಿ. ಸುಟ್ಟ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತುವುದು, ಫ್ಯಾನು, ಮಿಕ್ಸಿ ರಿಪೇರಿ. ಬೆಸುಗೆಯ ಸೀಸ ಕೊಳ್ಳಲು ಹೋಗಿ ಬಂದು ಅವಳಿಗೆ ಪರಿಚಯ. ಒಂದು ದಿನ ತಾತ ಅವಳ ಕೈಗೆ ಒಂದು ಮಿಕ್ಸಿ ಕೊಟ್ಟು, "ನೋಡು, ಏನಾಗಿದೆ?" ಎಂದರು. ಅವಳು ನೋಡಿದಳು, ಹೇಳಿದಳು, ನಿಂತಲ್ಲೇ ಸರಿಮಾಡಿದಳು.

"ಆ ಕಡೆ ಬೆಂಚು ಖಾಲಿ ಇದೆ," ಎಂದರು ತಾತ. "ನನ್ನ ಕಣ್ಣು ಮಂಜಾಗ್ತಿದೆ. ಬಂದು ಕೂರ್ತೀಯಾ? ಒಂದೇ ಮಾತು, ಸಂಜೆ ಇರಬೇಕು. ಜನ ಕೆಲಸ ಮುಗಿಸಿ ಬರೋದೇ ಸಂಜೆ."

ಆ ಬೆಂಚು ರಸ್ತೆಗೆ ಮುಖ ಮಾಡಿತ್ತು. ಎದುರಿಗೆ ಒಂದು ಮರ, ಸೈಕಲ್ಲುಗಳು, ಹೋಗಿ ಬರುವ ಜನ, ಅಂಗಡಿಯ ತುಂಬ ಗಾಳಿ. ಅವಳ ಕಣ್ಣು ತುಂಬಿಬಂತು. "ಮನೇಲಿ ಕೇಳ್ತೀನಿ ತಾತ," ಎಂದಳು.

ಸಂಜೆಯೆಂದರೆ ಮನೆಯಲ್ಲಿ ಅಭ್ಯಾಸದ ಹೊತ್ತು. ಕೇಳಿದ್ದು ಗಂಡನನ್ನು ಮಾತ್ರ. ಅವನು ಡ್ರಮ್ಮಿನ ಕೋಲುಗಳನ್ನು ಒರೆಸುತ್ತ, "ಅಪ್ಪಂಗೆ ನಾನು ಹೇಳಕ್ಕಾಗಲ್ಲ ಕಣೇ. ನೀನೇ ಹೇಳು," ಎಂದ.

"ನೀವು ಡ್ರಮ್ಮಿಗೆ ಬಡಿಯೋ ಜೋರಲ್ಲಿ ಅರ್ಧ ಬಾಯಲ್ಲಿ ಇದ್ದಿದ್ರೆ ಸಾಕಿತ್ತು ಕಣ್ರೀ," ಎಂದಳು ಅವಳು. ಅವನು ನಕ್ಕ. ನಗುವುದರಲ್ಲಿ ಅವನು ಅಪ್ಪನ ಮಗನೇ.

ದೇವರು ಕಣ್ಣುಬಿಟ್ಟನೋ ಎಂಬಂತೆ ಅದೇ ವಾರ ಗಿಟಾರು ಕೈಕೊಟ್ಟಿತು. ಅದರ ಕುತ್ತಿಗೆಯ ಮರದೊಳಗೆ ಉದ್ದಕ್ಕೂ ಒಂದು ಕಬ್ಬಿಣದ ಕಡ್ಡಿ ಇರುತ್ತದೆ. ತಂತಿಗಳು ಕುತ್ತಿಗೆಯನ್ನು ಮುಂದಕ್ಕೆ ಬಗ್ಗಿಸಲು ನೋಡಿದರೆ ಈ ಕಡ್ಡಿ ಹಿಂದಕ್ಕೆ ಎಳೆದು ನೆಟ್ಟಗೆ ನಿಲ್ಲಿಸುತ್ತದೆ. ಕಡ್ಡಿಯ ತುದಿಗೊಂದು ನಟ್ಟು. ಕುತ್ತಿಗೆ ಬಗ್ಗಿದಾಗ ಅದನ್ನು ಕೊಂಚ ಬಿಗಿಮಾಡಬೇಕು. ಇವಳು ಉಜ್ಜಿ ತೆಳ್ಳಗೆ ಮಾಡಿದ ಮರ ಮೇಲಿಂದ ಮೇಲೆ ಬಗ್ಗುತ್ತಿತ್ತು, ಇವಳು ಮೇಲಿಂದ ಮೇಲೆ ಬಿಗಿಮಾಡುತ್ತಿದ್ದಳು. ಈಗ ಕುತ್ತಿಗೆ ಬಿಲ್ಲಿನಂತಾಗಿ, ತಂತಿಗಳು ಬಟ್ಟೆ ಒಣಹಾಕುವ ಹಗ್ಗದ ಹಾಗೆ ಮೇಲೆದ್ದು ನಿಂತಿದ್ದವು. ನಟ್ಟು ತಿರುಗಿಸಲು ಹೋದರೆ ಅದು ತಿರುಪಿನ ಗೆರೆಗಳ, ಅಂದರೆ ಥ್ರೆಡ್ಡಿನ, ಕೊನೆ ಮುಟ್ಟಿ ಕೂತಿತ್ತು. ಬಲವಂತ ಮಾಡಿದರೆ ಕಡ್ಡಿಯೇ ಮುರಿದೀತು.

ಅವಳು ನಾಲ್ಕು ಸಲ ನೋಡಿದಳು. ಆಮೇಲೆ ಕೋಣೆಯಿಂದ ಹೊರಗೆ ಬಂದು, "ಮಾವ, ಇದು ಮುಗೀತು," ಎಂದಳು. ದನಿಯಲ್ಲಿ ಸಂತೋಷ ಇಣುಕದಂತೆ ಹಿಡಿದಿಟ್ಟುಕೊಳ್ಳುವಷ್ಟರಲ್ಲಿ ಸಾಕುಸಾಕಾಯಿತು.

"ನಿನ್ನ ಕೈಲೂ ಆಗಲ್ವಾ?"

"ಆಗಲ್ಲ ಮಾವ." ಆಗ ಅದು ನಿಜವೇ ಆಗಿತ್ತು.

ಮಾವ ಗಿಟಾರನ್ನು ತಿರುವಿ ನೋಡಿ, ನಿಟ್ಟುಸಿರು ಬಿಟ್ಟು, "ಸರಿ ಹಾಗಾದ್ರೆ. ಆಡಿದ ಮಾತು ಆಡಿದ್ದೇ," ಎಂದರು. ಅಷ್ಟು ಸುಲಭ! ಹದಿನಾಲ್ಕು ವರ್ಷದ ಬಾಗಿಲು ಒಂದು ಬೆರಳು ಸೋಕಿಸಿದ್ದಕ್ಕೆ ತೆರೆದುಕೊಂಡಿತ್ತು.

ಮಾರನೆಯ ದಿನ ಮಧ್ಯಾಹ್ನ ಅವಳು ತಾತನ ಅಂಗಡಿಗೆ ಹೋದಳು, ಬರುತ್ತೇನೆ ಎಂದು ಹೇಳಲು. ತಾತ ಒಂದು ಟೇಬಲ್ ಫ್ಯಾನಿನ ರೆಕ್ಕೆ ಕೂರಿಸುತ್ತಿದ್ದರು. ನಟ್ಟು ಎಷ್ಟು ತಿರುಗಿಸಿದರೂ ರೆಕ್ಕೆ ಲೊಡಲೊಡ ಎನ್ನುತ್ತಿತ್ತು. "ಥ್ರೆಡ್ಡು ಮುಗಿದೋಯ್ತು ಮುಂಡೇದಕ್ಕೆ," ಎಂದು ಬೈದುಕೊಂಡು, ನಟ್ಟು ಬಿಚ್ಚಿ, ಎರಡು ವಾಷರು ಪೋಣಿಸಿ, ಮತ್ತೆ ನಟ್ಟು ಹಾಕಿದರು. ಅದು ಜಂಬದಿಂದ ಬಿಗಿಯಾಗಿ ಕೂತಿತು.

ಗುಮ್ಮಕ್ಕ ನೋಡಬಾರದ್ದನ್ನು ನೋಡಿದ್ದಳು. ನಟ್ಟಿಗೂ ಮರಕ್ಕೂ ನಡುವೆ ಎರಡು ವಾಷರು ಇಟ್ಟರೆ ನಟ್ಟು ಹಿಂದೆ ಸರಿಯುತ್ತದೆ, ಮತ್ತೆ ಬಿಗಿಮಾಡಲು ಥ್ರೆಡ್ಡು ಸಿಗುತ್ತದೆ. ಎರಡು ವಾಷರು, ಅಷ್ಟೇ.

"ಏನಮ್ಮಾ, ನಿಂತೇ ಇದೀಯ? ಬರ್ತೀಯಾ ಹೇಗೆ?"

"ಬರ್ತೀನಿ ತಾತ. ಸೋಮವಾರದಿಂದ," ಎಂದಳು. ಎಂದು, ಹೊರಡುವಾಗ ಅವಳ ನಾಲಗೆ ಅವಳನ್ನು ಕೇಳದೆ, "ಒಂದು ಮೂರು ವಾಷರು ಇದ್ರೆ ಕೊಡಿ, ಚಿಕ್ಕವು. ನಲ್ಲಿಗೆ," ಎಂದಿತು.

ವಾಷರುಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಯಾರಿಗೂ ಗೊತ್ತಿಲ್ಲ; ಬಾಯಿ ಬಿಡದಿದ್ದರೆ ಆಯಿತು. ಎರಡು ದಿನ ಬಾಯಿ ಬಿಡಲಿಲ್ಲ. ಆದರೆ ಅಡುಗೆಮನೆಯಿಂದ ನಡುಮನೆಗೆ ಹೋಗುವಾಗಲೆಲ್ಲ ಗೋಡೆಗೆ ಒರಗಿದ ಆ ಬಾಗಿದ ಕುತ್ತಿಗೆ ಕಣ್ಣಿಗೆ ಬೀಳುತ್ತಿತ್ತು. ಅನ್ನ ಸೀಯುತ್ತಿದ್ದರೆ ಒಲೆ ಆರಿಸದೆ ಕೂತ ಹಾಗೆ ಅವಳಿಗೆ ಒಳಗೊಳಗೇ ಕಸಿವಿಸಿ.

ಶನಿವಾರ ಸಂಜೆ ಅಭ್ಯಾಸ. ಗುಮ್ಮಕ್ಕ ಬಾಗಿಲ ಬಳಿ ಸೊಪ್ಪು ಸೋಸುತ್ತ ಕೂತಳು, ನೆಂಟರ ಹಾಗೆ. ನಾನಿಲ್ಲದೆ ಇವರ ಪಾಡು ನಾಯಿಪಾಡಾಗುತ್ತದೆ ಎಂದುಕೊಂಡಿದ್ದಳು. ಪಾಪ ಅಂತಲೂ ಅನಿಸಿತ್ತು. ಆದರೆ ಏನೂ ಆಗಲಿಲ್ಲ. ಮೈದುನ ಎಡಗೈಯಲ್ಲಿ ಕೀಬೋರ್ಡಿನ ದಪ್ಪ ಸ್ವರಗಳನ್ನು ಒತ್ತಿದ, ಗಂಡ ಎಂದಿನಂತೆ ಬಡಿದ, ಅತ್ತೆ ಕಣ್ಣುಮುಚ್ಚಿ ಹಾಡಿ ಮುಗಿಸಿದರು. ಚೆನ್ನಾಗಿಯೇ ಇತ್ತು.

"ನೋಡಿ ಅತ್ತಿಗೆ," ಎಂದ ಮೈದುನ ಎಡಗೈ ಆಡಿಸುತ್ತ, "ಇಷ್ಟು ದಿನ ಇದು ಸುಮ್ನೆ ಬಿಟ್ಟಿ ಊಟ ಮಾಡ್ಕೊಂಡಿತ್ತು!"

"ಏನೂ ಕಮ್ಮಿಯಾದ ಹಾಗೆ ಕಾಣ್ಲಿಲ್ಲ," ಎಂದರು ಮಾವ.

ಅತ್ತೆಯ ಮನಸ್ಸು ಬೆಣ್ಣೆ. ಅವರು ಇವಳ ಕಡೆ ತಿರುಗಿ, "ಪಾಪ ಕಣ್ರೀ, ಇಷ್ಟು ವರ್ಷ ಈ ಹುಡುಗಿ ಹೆಗಲಿಗೆ ಅಷ್ಟು ಭಾರ ಸುಮ್ಸುಮ್ನೆ ಹೊರಿಸಿದ್ವಿ," ಎಂದರು.

ಸುಮ್ಸುಮ್ನೆ. ಮೆಣಸಿನಕಾಯಿ ಕಚ್ಚಿದ ಹಾಗಾಯಿತು. ಊದಿಕೊಂಡ ಮಣಿಕಟ್ಟು, ಹಾಸಿಗೆ ತುರುಕಿದ ಕಿಟಕಿ, ಉಪ್ಪುಕಾಗದ ಹಿಡಿದ ಮಧ್ಯಾಹ್ನಗಳು, ಎಲ್ಲ ಸುಮ್ಸುಮ್ನೆ. ಎದ್ದು ಹೋಗಬಹುದಿತ್ತು. ಸೋಮವಾರಕ್ಕೆ ಇನ್ನೊಂದೇ ದಿನ. ಅವಳು ಎದ್ದದ್ದೂ ನಿಜ. ಆದರೆ ಕಾಲು ಅವಳನ್ನು ಕರೆದೊಯ್ದದ್ದು ಗಿಟಾರಿನ ಬಳಿಗೆ.

"ಯಾಕಮ್ಮಾ, ಅದು ಸತ್ತಿದೆ ಅಂದಿದ್ದೆ?"

"ಒಂದು ನಿಮಿಷ ಇರಿ ಮಾವ."

ನೆಲದ ಮೇಲೆ ಹಳೇ ಟವಲು ಹಾಸಿ ಗಿಟಾರನ್ನು ಮಲಗಿಸಿದಳು. ತಂತಿ ಸಡಿಲಿಸಿದಳು. ನಾಲ್ಕು ಸ್ಕ್ರೂ ಬಿಚ್ಚಿ ಕುತ್ತಿಗೆ ಕಳಚಿದಳು. ನಟ್ಟು ತೆಗೆದಳು. ಸೆರಗಿನ ಗಂಟು ಬಿಚ್ಚಿ ಎರಡು ವಾಷರು ಪೋಣಿಸಿದಳು. ಮತ್ತೆ ನಟ್ಟು, ನಿಧಾನಕ್ಕೆ ಕಾಲು ಸುತ್ತು, ಇನ್ನೊಂದು ಕಾಲು ಸುತ್ತು. ಕಣ್ಣಿನ ನೇರಕ್ಕೆ ಹಿಡಿದು ನೋಡಿದರೆ ಮರ ಬಾಗಿದ್ದನ್ನು ಬಿಟ್ಟು ಮೆಲ್ಲಗೆ ನೆಟ್ಟಗಾಗುತ್ತಿತ್ತು. ಅವಳ ಕೈ ಹಗುರಾಗಿ, ಖುಷಿಯಾಗಿ ಓಡಾಡುತ್ತಿತ್ತು. ಗಂಡ ಮಾತ್ರ ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಮುಖವನ್ನೇ ನೋಡುತ್ತಿದ್ದ. ಸೋಮವಾರದ ಸುದ್ದಿ ಆ ಕೋಣೆಯಲ್ಲಿ ಅವನಿಗೊಬ್ಬನಿಗೇ ಗೊತ್ತಿತ್ತು.

ಎಲ್ಲ ಜೋಡಿಸಿ, ಶ್ರುತಿ ಮಾಡಿ, ಬೀರುವಿಗೂ ಸ್ಪೀಕರಿಗೂ ನಡುವೆ ಹೋಗಿ ನಿಂತಳು. ವೈರು ಚುಚ್ಚಿದಳು. "ಅದೇ ಹಾಡು. ಈಗ ಹಾಡಿ ಅತ್ತೆ."

ಗುಂ ಎಂದಿತು. ಕೆಳಗಿನ ಅಂಗಡಿಯ ಗಾಜು ಓಗೊಟ್ಟಿತು. ಎರಡನೆಯ ಸಾಲಿಗೆ ಅತ್ತೆಯ ದನಿ ಎಲ್ಲೋ ಒರಗಲು ಗೋಡೆ ಸಿಕ್ಕ ಹಾಗೆ ಸಲೀಸಾಯಿತು. ಮೈದುನನ ಎಡಗೈ ತಾನಾಗಿ ಮಡಿಲಿಗೆ ಇಳಿಯಿತು. ಹಾಡು ಮುಗಿದಾಗ ಮಾವ ತೊಡೆ ತಟ್ಟಿದರು. "ಅಬ್ಬಾ! ಇದಲ್ವಾ ಮತ್ತೆ! ಇಷ್ಟು ಹೊತ್ತು ಬೋಳು ಬೋಳಾಗಿತ್ತು. ಹೋದ ಜೀವ ತಂದುಬಿಟ್ಯಲ್ಲಮ್ಮಾ!"

ಅವಳು ಗೆದ್ದಿದ್ದಳು.

"ಇನ್ನು ಎಷ್ಟು ದಿನ ಬರುತ್ತೆ ಇದು?" ಎಂದರು ಮಾವ.

ಕಸುಬು ಬಲ್ಲವಳ ಬಾಯಿ, ಕೆಲಸದ ಬಗ್ಗೆ ಕೇಳಿದರೆ ಸುಳ್ಳು ಬಾರದು. "ದಿನ ಏನು ಮಾವ, ಇನ್ನು ಹತ್ತು ವರ್ಷ ಅಲ್ಲಾಡಲ್ಲ," ಎಂದಳು.

ಅಂದ ಮೇಲೆ ಅವಳ ಕಿವಿಗೆ ತನ್ನ ಮಾತು ಕೇಳಿಸಿತು. ಕೋಣೆಯಲ್ಲಿ ಗಾಳಿ ಇರಲಿಲ್ಲ. ಬಾಗಿಲ ಕಡೆ ತಿರುಗಲು ಹೋದರೆ ಗಿಟಾರಿನ ತುದಿ ಬೀರುವಿಗೆ ಟಣ್ ಎಂದು ಬಡಿಯಿತು. ಮಾವ ಆಗಲೇ ಮುಂದಿನ ಕಾರ್ಯಕ್ರಮದ ಮಾತಿಗೆ ಹೊರಳಿದ್ದರು, ಅತ್ತೆ ಅರ್ಧ ಸೋಸಿದ ಸೊಪ್ಪಿನ ಮುಂದೆ ಕೂತಿದ್ದರು.

ಗಂಡ ಬಗ್ಗಿ ಮೆಲ್ಲಗೆ ಕೇಳಿದ, "ಯಾಕೇ ಹಾಗಂದೆ? ಒಂದು ವರ್ಷ ಅಂದಿದ್ರೆ ಆಗ್ತಿರ್ಲಿಲ್ವಾ?"

ಅವಳು ಉಳಿದ ಒಂದು ವಾಷರನ್ನು ಹತಾರಿನ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

"ಸುಳ್ಳು ಹೇಳ್ಲಾ ಮತ್ತೆ? ಸರಿಯಾಗಿ ನೋಡ್ಕೊಂಡ್ರೆ ಹದಿನೈದೂ ಬರುತ್ತೆ," ಎಂದಳು.