ಹೊಸ ಹುಡುಗರ ಹಾಜರಿ

ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಮಗಳ ಮಳೆ ಬೂಟು ಹುಡುಕುತ್ತಿದ್ದೆ. ಬೂಟು ಸಿಗಲಿಲ್ಲ, ಹಳೆಯ ಸೂಟ್‌ಕೇಸಿನ ಹಿಂದಿನಿಂದ ಕೆಂಪು ಚರ್ಮದ ಚೆಂಡೊಂದು ಉರುಳಿ ಬಂತು. ಉರುಳಿತು ಅನ್ನುವುದೂ ತಪ್ಪು. ಮಂಗಳೂರು ಸೌತೆಕಾಯಿಯ ಆಕಾರದ ಆ ಚೆಂಡು ತನಗೆ ಬೇಕಾದ ಕಡೆ ಹೊರಳುತ್ತದೆ, ಅಷ್ಟೇ. ಎತ್ತಿ ಮೂಗಿನ ಹತ್ತಿರ ಹಿಡಿದೆ. ಚರ್ಮ, ಬೂಟ್ ಪಾಲಿಶ್, ಒಂದಿಷ್ಟು ಒದ್ದೆ ಹುಲ್ಲು... ಪಕ್ಕದ ಮನೆಯ ತಾತ.

ನಾವು ಪಿನ್ನರ್‌ಗೆ ಬಂದಾಗ ಮಗಳಿಗೆ ನಾಲ್ಕು ವರ್ಷ. ಬಿಳಿ ಕೂದಲಿನವರನ್ನು ಹೆಸರು ಹಿಡಿದು ಕರೆಯಲು ಬಿಡುವಷ್ಟು ನಾನಿನ್ನೂ ಲಂಡನ್ನಿನವಳಾಗಿರಲಿಲ್ಲ. “ತಾತ ಅನ್ನಮ್ಮ” ಎಂದು ಹೇಳಿಕೊಟ್ಟಿದ್ದೆ. ಅವಳು ಬೇಲಿಯ ಸಂದಿಯಿಂದ “ತಾತಾ!” ಎಂದು ಕೂಗಿದ ಕೂಡಲೇ ಅವರು ಕೈ ಬೀಸಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಂದು ವಾರ ಇದೇ ಕತೆ. ಏನು ಬಿಗುಮಾನವಪ್ಪಾ ಈ ಮನುಷ್ಯನಿಗೆ ಎಂದು ನಾನು ಒಳಗೊಳಗೇ ಉರಿದೆ. ಕೊನೆಗೆ ಅವರೇ ಬೇಲಿಯ ಹತ್ತಿರ ಬಂದು ಕೇಳಿದರು.

“ನನ್ನನ್ನು ಕಂಡ ಕೂಡಲೇ ನಿಮ್ಮ ಮಗು ಯಾಕೆ ಟಾಟಾ ಹೇಳಿ ಕಳಿಸಿಬಿಡುತ್ತೆ?”

ಅವರ ಇಂಗ್ಲಿಷ್ ಕಿವಿಗೆ ತಾತವೂ ಟಾಟಾವೂ ಒಂದೇ. ನಾಲಿಗೆ ಹಲ್ಲಿಗೆ ತಾಗಿದರೆ ಅಜ್ಜ, ಮೇಲಕ್ಕೆ ಮಡಚಿದರೆ ಹೋಗಿಬನ್ನಿ ಎಂದು ಅರ್ಧ ಗಂಟೆ ಪಾಠ ಮಾಡಿದೆ. ಅವರ ನಾಲಿಗೆ ಹಲ್ಲಿನ ಹತ್ತಿರವೂ ಸುಳಿಯಲಿಲ್ಲ. “ಇರಲಿ ಬಿಡಿ, ಬರುವಾಗಲೂ ಹೋಗುವಾಗಲೂ ಒಂದೇ ಮಾತು ಸಾಕು” ಎಂದು ನಕ್ಕರು. ಅವತ್ತಿನಿಂದ ಅವರು ನಮ್ಮ ತಾತ.

ಮೆಲ್ಬರ್ನ್ ಕಡೆಯವರು. ಮದುವೆಯಾಗಿ ಇಲ್ಲಿಗೆ ಬಂದವರು ಹೆಂಡತಿ ತೀರಿಕೊಂಡ ಮೇಲೂ ಇಲ್ಲೇ ಉಳಿದಿದ್ದರು. ಊರಿನದೆಂದು ಅವರ ಬಳಿ ಉಳಿದಿದ್ದದ್ದು ಒಂದೇ, ಅಲ್ಲಿಯ ಫುಟ್‌ಬಾಲ್ ಕ್ಲಬ್ಬಿನ ಹುಚ್ಚು. ಚೆಂಡನ್ನು ಒದೆಯಲೂ ಬಹುದು, ಹಿಡಿದು ಓಡಲೂ ಬಹುದು, ಅಂಥ ಆಟ. ಪ್ರತಿ ನವೆಂಬರಿನಲ್ಲಿ ಅಲ್ಲಿ ಡ್ರಾಫ್ಟ್ ನಡೆಯುತ್ತದೆ ಎಂದರು. ನನಗೆ ಗೊತ್ತಿದ್ದ ಡ್ರಾಫ್ಟ್ ಬ್ಯಾಂಕಿನ ಡಿ.ಡಿ. ಒಂದೇ. ಇದು ಬೇರೆ. ಕ್ಲಬ್ಬುಗಳೆಲ್ಲ ಸರದಿಯ ಪ್ರಕಾರ ಹದಿನೆಂಟರ ಆಸುಪಾಸಿನ ಹೊಸ ಹುಡುಗರನ್ನು ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಕೊನೆಗೆ ನಿಂತವರಿಗೆ ಮೊದಲ ಸರದಿ. “ಅದಕ್ಕೇ ನಮ್ಮ ಕ್ಲಬ್ಬಿಗೆ ಆರಿಸೋದು ಅಭ್ಯಾಸ ಆಗಿದೆ, ಗೆಲ್ಲೋದು ಮರೆತುಹೋಗಿದೆ” ಎನ್ನುತ್ತಿದ್ದರು ತಾತ.

ಅವರ ಕಣ್ಣು ಮಂಜಾಗಿತ್ತು. ಡ್ರಾಫ್ಟ್ ಮುಗಿದ ಶನಿವಾರ ನಾನು ಅವರ ಅಡುಗೆಮನೆಯಲ್ಲಿ ಕೂತು ಹೊಸ ಹುಡುಗರ ಪಟ್ಟಿ ಓದುವುದು ರೂಢಿಯಾಯಿತು. ಮೊದಲ ವರ್ಷ ನಾನು ಶಾಲೆಯಲ್ಲಿ ಹಾಜರಿ ಕೂಗುವ ಹಾಗೆ ಓದಿದೆ. ನಮ್ಮ ಮೈಸೂರಿನ ಶಾಲೆಯಲ್ಲಿ ಪ್ರತಿ ಹೆಸರಿಗೂ ಎದ್ದು ನಿಂತು “ಪ್ರೆಸೆಂಟ್ ಮಿಸ್” ಅನ್ನಬೇಕಿತ್ತು ಎಂದೆ. ಆಮೇಲೆ ಪ್ರತಿ ವರ್ಷ, ಪ್ರತಿ ಹುಡುಗನ ಪರವಾಗಿ, ಎಂಬತ್ತು ದಾಟಿದ ಆ ಮನುಷ್ಯ ಗಂಭೀರವಾಗಿ “ಪ್ರೆಸೆಂಟ್ ಮಿಸ್” ಅನ್ನುತ್ತಿದ್ದರು. ಮಗಳು ಬಿದ್ದು ಬಿದ್ದು ನಗುತ್ತಿದ್ದಳು.

ಡ್ರಾಫ್ಟ್ ಇನ್ನೂ ಇಲ್ಲದ ಕಾಲದಲ್ಲಿ ಅವರನ್ನೂ ಹದಿನೆಂಟನೇ ವಯಸ್ಸಿಗೆ ಆ ಕ್ಲಬ್ಬು ಆರಿಸಿತ್ತಂತೆ. ಮೊದಲ ಪಂದ್ಯಕ್ಕೆ ಮುಂಚೆಯೇ ಮಂಡಿ ಮುರಿಯಿತು. “ಒಂದೂ ಆಟ ಆಡಲಿಲ್ಲ. ಆದರೆ ಕ್ಲಬ್ಬಿನ ಸಭೆಯಲ್ಲಿ ನನ್ನ ಹೆಸರು ಕರೆದರು, ನಾನು ಎದ್ದು ನಿಂತೆ” ಎಂದು ಹೇಳುವಾಗ ತಾತ ಕುರ್ಚಿಯಲ್ಲೇ ನೆಟ್ಟಗಾಗುತ್ತಿದ್ದರು. ಹಾಗೆ ಹೇಳಿದ ಒಂದು ಶನಿವಾರವೇ ಈ ಚೆಂಡನ್ನು ಮಗಳಿಗೆ ಕೊಟ್ಟದ್ದು.

ಹೋದ ವರ್ಷ ಅವರನ್ನು ಅಕ್ಸ್‌ಬ್ರಿಡ್ಜ್ ಹತ್ತಿರದ ಕೇರ್ ಹೋಮ್‌ಗೆ ಸೇರಿಸಿದರು. ನವೆಂಬರಿನಲ್ಲಿ ಅಲ್ಲಿಂದ ಫೋನ್ ಮಾಡಿದರು. “ಈ ಸಲ ಶನಿವಾರದವರೆಗೆ ಕಾಯೋದು ಬೇಡ. ಅವರು ಹೆಸರು ಕರೆಯುವ ಹೊತ್ತಿಗೇ ನೀವು ನನ್ನ ಪಕ್ಕ ಕೂತು ಓದಬೇಕು. ಬುಧವಾರ ಸಂಜೆ ಏಳಕ್ಕೆ.” ಬರುತ್ತೇನೆ ಎಂದು ಮಾತು ಕೊಟ್ಟೆ.

ಬುಧವಾರ ಆಫೀಸು ಮುಗಿಸಿ, ಅವರಿಗಿಷ್ಟವಾದ ಕೋಡುಬಳೆ ಡಬ್ಬಿಗೆ ತುಂಬಿಕೊಂಡು, ಸರಿಯಾಗಿ ಏಳಕ್ಕೆ ಹೋದೆ. ಅಲ್ಲಿ ನೋಡಿಕೊಳ್ಳುವ ಹೆಂಗಸು ನನ್ನ ಮುಖವನ್ನೇ ನೋಡಿದಳು.

“ಈಗ ಬಂದ್ರಾ? ಅದು ಬೆಳಿಗ್ಗೆ ಎಂಟಕ್ಕೇ ಶುರುವಾಯ್ತು. ಅವರ ಊರಿನಲ್ಲಿ ಆಗ ಸಂಜೆ ಏಳು. ಶರ್ಟ್ ಹಾಕಿಸಿಕೊಂಡು, ಕ್ಲಬ್ಬಿನ ಮಫ್ಲರ್ ಸುತ್ತಿಕೊಂಡು ಕೂತಿದ್ರು. ಟಿವಿ ಹಾಕ್ತೀನಿ ಅಂದೆ, ನಾನೇ ಓದ್ತೀನಿ ಅಂದೆ. ಬೇಡ, ನನ್ನ ಟೀಚರ್ ಬರ್ತಾಳೆ ಅಂದ್ರು. ಮಧ್ಯಾಹ್ನದವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ.”

ಅಮ್ಮನಿಗೆ ಫೋನ್ ಮಾಡಲು ಮೈಸೂರಿನ ಗಂಟೆಯನ್ನು ನಿದ್ದೆಗಣ್ಣಿನಲ್ಲೂ ಲೆಕ್ಕ ಹಾಕುವವಳು ನಾನು. ತಾತನಿಗೂ ಒಂದು ಊರಿದೆ, ಆ ಊರಿಗೂ ಒಂದು ಗಂಟೆಯಿದೆ ಎಂದು ಹೊಳೆಯಲೇ ಇಲ್ಲ. ಅವರು ನಿದ್ದೆ ಹೋಗಿದ್ದರು. ಮಫ್ಲರ್ ಇನ್ನೂ ಕೊರಳಲ್ಲಿತ್ತು. ಎಬ್ಬಿಸಬಹುದಿತ್ತು... ಶನಿವಾರ ಹೇಗೂ ಬರುತ್ತೇನಲ್ಲ ಎಂದುಕೊಂಡು ಡಬ್ಬಿ ಇಟ್ಟು ಬಂದೆ. ಶುಕ್ರವಾರ ಮಧ್ಯಾಹ್ನ ತಾತ ಹೋದರು.

ಸುದ್ದಿ ಬಂದಾಗ ನನಗೆ ಏನೂ ಅನ್ನಿಸಲಿಲ್ಲ. ಕುಕ್ಕರ್ ಇಟ್ಟೆ, ಮೂರು ಸೀಟಿ ಎಣಿಸಿದೆ. ಮಗಳಿಗೆ ಹೇಳಿದೆ, ಅವಳು ಅತ್ತಳು, ನಾನು ಅವಳ ಬೆನ್ನು ಸವರಿದೆ. ಅಳು ಇವತ್ತು ಬರಬಹುದು, ನಾಳೆ ಬರಬಹುದು ಎಂದು ಕಾಯುತ್ತ ಒಂದು ವರ್ಷವಾಯಿತು. ಆ ಶನಿವಾರಕ್ಕೆಂದು ಬರೆದಿಟ್ಟುಕೊಂಡಿದ್ದ ಪಟ್ಟಿ, ಓದದೆಯೇ, ಕೋಟಿನ ಜೇಬಿನಲ್ಲೇ ಇತ್ತು. ಒಮ್ಮೆ ಕೋಟಿನ ಜೊತೆ ಮೆಷಿನ್‌ಗೆ ಹೋಗಿ ಮುದ್ದೆಯಾಯಿತು. ಆಗಲೂ ಏನೂ ಅನ್ನಿಸಲಿಲ್ಲ.

ಚೆಂಡು ಸಿಕ್ಕಿದ್ದು ಮೊನ್ನೆ. ಇವತ್ತು ಬುಧವಾರ, ಈ ವರ್ಷದ ಡ್ರಾಫ್ಟ್. ಬೆಳಿಗ್ಗೆ ಎಂಟಕ್ಕೆ ಅಡುಗೆಮನೆಯ ಮೇಜಿನ ಮೇಲೆ ಚೆಂಡು ಇಟ್ಟು, ಫೋನ್ ಹಿಡಿದು ಕೂತೆ. ಕ್ಲಬ್ಬು ಈ ಸಲವೂ ಕೊನೆಗೇ ನಿಂತಿದೆ. ಮೊದಲ ಹುಡುಗನ ಹೆಸರು ಬಂದ ತಕ್ಷಣ ಗಟ್ಟಿಯಾಗಿ ಓದಿದೆ. ಓದಿ, ರೂಢಿಯಂತೆ, ನಿಲ್ಲಿಸಿದೆ. ಫ್ರಿಜ್ಜು ಗುಂಯ್‌ಗುಡುತ್ತಿತ್ತು.

ಸ್ಕೂಲಿಗೆ ಹೊರಟಿದ್ದ ಮಗಳು ಬಾಗಿಲಲ್ಲಿ ನಿಂತಳು. ಈಗ ಅವಳಿಗೆ ಹನ್ನೊಂದು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ. ಚೆಂಡನ್ನು ನೋಡಿದಳು, ನನ್ನನ್ನು ನೋಡಿದಳು. ಬ್ಯಾಗು ಇಳಿಸಿ, ಬಂದು, ಚೆಂಡಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒಂದು ಮಾತು ಹೇಳಿ ಹೊರಟುಹೋದಳು.

ತಾತ ಅಂದಳೋ, ಟಾಟಾ ಅಂದಳೋ... ಅವಳ ನಾಲಿಗೆಯೂ ಈಗ ಹಲ್ಲಿಗೆ ತಾಗುವುದಿಲ್ಲ. ನಾನು ತಿದ್ದಲಿಲ್ಲ.